ಮಾವನ ಡಬ್ಬಿಯ ವಾಯುಪಡೆ ಪದಕಗಳು: ಓದೋದು ಹೇಗೆ, ಮಲೆನಾಡಿನ ಮಳೆಯಲ್ಲಿ ಉಳಿಸೋದು ಹೇಗೆ

ತೀರ್ಥಹಳ್ಳಿ ಹತ್ತಿರದ ನಮ್ಮ ಸೋದರಮಾವ ವಾಯುಪಡೆಯಲ್ಲಿ ಏರ್ ಕಮೊಡೋರ್ ಆಗಿ ನಿವೃತ್ತರಾದವರು. ಅವರು ತೀರಿಕೊಂಡು ಕಾರ್ಯ ಎಲ್ಲ ಮುಗಿದ ಮೇಲೆ, ನೆಂಟರು ಒಬ್ಬೊಬ್ಬರೇ ಬಸ್ಸು ಹತ್ತಿ ಹೋದ ಒಂದು ಮಧ್ಯಾಹ್ನ, ಅತ್ತೆ ಒಂದು ಹಳೇ ಬಿಸ್ಕತ್ ಡಬ್ಬಿ ತಂದು ನನ್ನ ಮುಂದಿಟ್ಟರು. "ಇದ್ರಲ್ಲಿ ಯಾವುದು ಏನು ಅಂತ ಬರೆದಿಡು ಮಾರಾಯ, ನಾನೂ ಹೋದ್ಮೇಲೆ ಯಾರಿಗೂ ತಿಳಿಯಲ್ಲ." ಮುಚ್ಚಳ ತೆಗೆದೆ. ಬೂಷ್ಟಿನ ವಾಸನೆ. ಒಳಗೆ ಪದಕ, ಬಣ್ಣ ಬಣ್ಣದ ರಿಬ್ಬನ್, ಎರಡು ಗುಂಡಿ, ಒಂದು ತುಕ್ಕು ಹಿಡಿದ ಪಿನ್ನು.

ನಿಮ್ಮ ಮನೆ ಅಟ್ಟದಲ್ಲೂ ಇಂಥ ಡಬ್ಬಿ ಇದ್ದರೆ ನಾನು ಕಲಿತದ್ದು ಉಪಯೋಗಕ್ಕೆ ಬರಬಹುದು.

ಮೊದಲನೆಯದು, ತೊಳೆಯಬೇಡಿ. ನಮ್ಮತ್ತೆ ಒಂದು ಪದಕವನ್ನು ದೇವರ ದೀಪದ ಜೊತೆಗೇ ಹುಣಸೆಹಣ್ಣು, ಬೂದಿ ಹಾಕಿ ತಿಕ್ಕಿಬಿಟ್ಟಿದ್ದರು. ಅದು ಕಂಚಿನ ಪದಕ. ನಲವತ್ತು ವರ್ಷದ ಕಂದು ಬಣ್ಣ ಹೋಗಿ ಹೊಸ ತಾಮ್ರದ ಚೊಂಬಿನ ಹಾಗೆ ಕೆಂಪಗಾಗಿತ್ತು. ಚಿನ್ನದ ಲೇಪ ಇರೋ ಪದಕ ಆಗಿದ್ದರೆ ಲೇಪವೇ ಎದ್ದು ಬರುತ್ತಿತ್ತು. ಒಣ ಹತ್ತಿ ಬಟ್ಟೆಯಲ್ಲಿ ಧೂಳು ಒರೆಸಿ, ಅಷ್ಟು ಸಾಕು.

ಆಮೇಲೆ ದೊಡ್ಡದು, ಚಿಕ್ಕದು ಬೇರೆ ಮಾಡಿ. ಒಂದೇ ಪದಕ ಎರಡು ಅಳತೆಯಲ್ಲಿ ಸಿಗುತ್ತದೆ. "ಎರಡು ಸಲ ಬಂದಿದೆ" ಅಂತ ನಾನೂ ಮೊದಲು ಹಿಗ್ಗಿದ್ದೆ. ಹಾಗಲ್ಲ, ಚಿಕ್ಕದು ರಾತ್ರಿ ಮೆಸ್ ಊಟದ ಡ್ರೆಸ್ಸಿಗೆ ಹಾಕುವ ಮರಿ ಪದಕ. ನಿಜವಾಗಿ ಎರಡನೇ ಸಲ ಅದೇ ಪದಕ ಬಂದರೆ ಇನ್ನೊಂದು ಪದಕ ಕೊಡುವುದಿಲ್ಲ, ಮೊದಲಿನದರ ರಿಬ್ಬನ್ನಿಗೇ ಒಂದು ಅಡ್ಡಪಟ್ಟಿ ಸೇರಿಸುತ್ತಾರೆ. ಅದಕ್ಕೆ ಬಾರ್ ಅಂತಾರೆ.

ಈಗ ರಿಬ್ಬನ್. ಗುರುತು ಹಿಡಿಯುವುದಕ್ಕೆ ಲೋಹಕ್ಕಿಂತ ಇದೇ ಸುಲಭ. ಹಳದಿ ಚಿನ್ನದ ಬಣ್ಣದ ಪಟ್ಟಿ, ಅದರ ಮೇಲೆ ಕಡುನೀಲಿ ಗೆರೆ ಇದೆಯಾ? ಗೆರೆ ಎಣಿಸಿ. ಒಂದು ಗೆರೆ ಅಂದರೆ ಪರಮ ವಿಶಿಷ್ಟ ಸೇವಾ ಪದಕ, ಎರಡು ಅಂದರೆ ಅತಿ ವಿಶಿಷ್ಟ, ಮೂರು ಅಂದರೆ ವಿಶಿಷ್ಟ ಸೇವಾ ಪದಕ. ಗೆರೆ ಕಡಿಮೆಯಾದಷ್ಟೂ ಪದಕ ದೊಡ್ಡದು, ತಲೆಕೆಳಗು ಲೆಕ್ಕ! 1960ರಲ್ಲಿ ಶುರುವಾದಾಗ ಇವು ಒಂದೇ ಪದಕದ ಮೊದಲ, ಎರಡನೇ, ಮೂರನೇ ದರ್ಜೆ ಆಗಿದ್ದವು, ಈಗಿನ ಹೆಸರು ಬಂದದ್ದು 1967ರಲ್ಲಿ. ಒಂದು, ಎರಡು, ಮೂರು ಗೆರೆಯ ಲೆಕ್ಕ ಹಾಗೆ ನೆನಪಿಟ್ಟುಕೊಳ್ಳಬಹುದು. ಲೋಹವೂ ಅದೇ ಕ್ರಮ: ಚಿನ್ನದ ಲೇಪ, ಬೆಳ್ಳಿ, ಕಂಚು. ಅತ್ತೆ ತಿಕ್ಕಿದ್ದು ಮೂರು ಗೆರೆಯದ್ದು.

ಬೂದು ಮತ್ತು ಕಿತ್ತಳೆ ಬಣ್ಣದ ಸಣ್ಣ ಗೆರೆಗಳು ಓರೆಯಾಗಿ, ಮಳೆ ಗಾಳಿಗೆ ವಾಲಿ ಬಿದ್ದ ಹಾಗೆ ಇದ್ದರೆ ಅದು ವಾಯು ಸೇನಾ ಪದಕ. ಇದೂ 1960ರದ್ದೇ. ಇದನ್ನು ಧೈರ್ಯಕ್ಕೂ ಕೊಡುತ್ತಾರೆ, ಕರ್ತವ್ಯನಿಷ್ಠೆಗೂ ಕೊಡುತ್ತಾರೆ. ಧೈರ್ಯಕ್ಕೆ ಬಂದಿದ್ದರೆ ಈಗ ಹೆಸರಾದ ಮೇಲೆ ಬರೆಯುವ ವಿಎಂ (ವಾಯು ಸೇನಾ ಮೆಡಲ್) ಜೊತೆ ಜಿ (ಗ್ಯಾಲಂಟ್ರಿ) ಅಕ್ಷರ ಸೇರಿಸುತ್ತಾರೆ.

ಅರ್ಧ ಕಡುನೀಲಿ, ಅರ್ಧ ಕೇಸರಿ ಇದ್ದರೆ ವೀರ ಚಕ್ರ. ಅರ್ಧ ಬಿಳಿ, ಅರ್ಧ ಕೇಸರಿ ಇದ್ದರೆ ಮಹಾವೀರ ಚಕ್ರ. ಅಂಥದ್ದು ಸಿಕ್ಕಿದರೆ ಸುಮ್ನೆ ಡಬ್ಬಿ ಮುಚ್ಚಿ ಮೊದಲು ಬ್ಯಾಂಕ್ ಲಾಕರ್ ನೋಡಿ. ಕೊಡಗಿನ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯ ಅವರ ಕಥೆ ನಮ್ಮ ಕಡೆಯವರಿಗೆ ಗೊತ್ತಿರಬೇಕು. 1965ರ ಸೆಪ್ಟೆಂಬರ್ 7ರಂದು ಪಾಕಿಸ್ತಾನದ ಸರ್ಗೋಧಾ ಮೇಲೆ ದಾಳಿಗೆ ಹೋದವರು ತಮ್ಮ ಮಿಸ್ಟೇರ್ ವಿಮಾನದಲ್ಲಿ ಅದಕ್ಕಿಂತ ಎಷ್ಟೋ ವೇಗದ ಪಾಕಿಸ್ತಾನದ ಸ್ಟಾರ್‌ಫೈಟರ್ ವಿಮಾನದ ಜೊತೆ ಕಾದಾಡಿದರು, ವಾಪಸ್ ಬರಲಿಲ್ಲ. ಮಹಾವೀರ ಚಕ್ರ ಬಂದದ್ದು 1988ರಲ್ಲಿ. 23 ವರ್ಷ ಆದ ಮೇಲೆ!

ಪರಮವೀರ ಚಕ್ರ ನಿಮ್ಮ ಡಬ್ಬಿಯಲ್ಲಿ ಇರಲಿಕ್ಕಿಲ್ಲ. ವಾಯುಪಡೆಗೆ ಬಂದಿರುವುದು ಒಂದೇ, 1971ರ ಡಿಸೆಂಬರ್ 14ರಂದು ಶ್ರೀನಗರದಲ್ಲಿ ಹೋರಾಡಿ ಮಡಿದ ಫ್ಲೈಯಿಂಗ್ ಆಫೀಸರ್ ನಿರ್ಮಲ್ ಜಿತ್ ಸಿಂಗ್ ಸೆಖೋನ್ ಅವರಿಗೆ. ಇದನ್ನು ಯಾಕೆ ಹೇಳ್ತೀನಿ ಅಂದರೆ, ನಮ್ಮ ಕಡೆ ಒಂದು ಸಮಾರಂಭದಲ್ಲಿ ಪರಮ ವಿಶಿಷ್ಟ ಸೇವಾ ಪದಕ ಬಂದ ಅಧಿಕಾರಿಯ ಹೆಸರಿನ ಕೆಳಗೆ "ಪರಮವೀರ ಚಕ್ರ ಪುರಸ್ಕೃತ" ಅಂತ ಫ್ಲೆಕ್ಸ್ ಹಾಕಿಬಿಟ್ಟಿದ್ದರು. ಎರಡೂ 'ಪರಮ' ತಾನೇ ಅಂತ. ಆ ಮನುಷ್ಯ ವೇದಿಕೆ ಹತ್ತೋ ಮೊದಲು ಫ್ಲೆಕ್ಸ್ ಇಳಿಸಿದರೆ ಮಾತ್ರ ಬರ್ತೀನಿ ಅಂತ ಪಟ್ಟು ಹಿಡಿದರು. ಸರಿಯಾಗೇ ಮಾಡಿದರು. ವಿಎಂ, ವಿಎಸ್‌ಎಂ (ವಿಶಿಷ್ಟ ಸೇವಾ ಮೆಡಲ್) ಕೂಡ ಹೀಗೇ ಅದಲುಬದಲಾಗುತ್ತವೆ, ನೋಡಿ ಬರೆಸಿ. ಇನ್ನು ಎಡಿಸಿ ಅನ್ನೋದು ಪದಕವೇ ಅಲ್ಲ, ರಾಷ್ಟ್ರಪತಿಯವರ ಗೌರವ ಸಹಾಯಕ ಅನ್ನುವ ಸ್ಥಾನ.

ಸಾಲಾಗಿ ಜೋಡಿಸುವಾಗ ದೊಡ್ಡದು ಮೇಲಿನ ಸಾಲಿನಲ್ಲಿ, ನೋಡುವ ನಮ್ಮ ಎಡಗಡೆಗೆ ಬರಬೇಕು, ಅಂದರೆ ಹಾಕಿಕೊಂಡವರ ಎದೆಯ ನಡುಭಾಗದ ಕಡೆಗೆ. ಯಾವುದು ದೊಡ್ಡದು ಅನ್ನೋದರಲ್ಲಿ ಒಂದು ತಮಾಷೆ ಇದೆ. ಅತಿ ವಿಶಿಷ್ಟ ಸೇವಾ ಪದಕ ವೀರ ಚಕ್ರಕ್ಕಿಂತ ಮೊದಲು ಬರುತ್ತದೆ, ವಾಯು ಸೇನಾ ಪದಕ ಮಾತ್ರ ವಿಶಿಷ್ಟ ಸೇವಾ ಪದಕಕ್ಕಿಂತ ಮೊದಲು. ಕಚೇರಿಯಲ್ಲಿ ಕೂತು ಬಂದ ಪದಕ ಆಕಾಶದಲ್ಲಿ ಗುಂಡಿನ ನಡುವೆ ಬಂದ ಪದಕದ ಮುಂದೆ ಕೂರೋದು ನನಗಂತೂ ಅಷ್ಟು ಹಿಡಿಸಿಲ್ಲ. ಆದರೆ ಕ್ರಮ ಅಂದರೆ ಕ್ರಮ, ನಿಮ್ಮಿಷ್ಟಕ್ಕೆ ಬದಲಾಯಿಸಬೇಡಿ.

ಇಷ್ಟು ಹೊತ್ತಿಗೆ ಎಲ್ಲರೂ ಸುಸ್ತಾಗಿ ಉಳಿದ ಪದಕಗಳನ್ನು "ಇವು ಎಲ್ಲರಿಗೂ ಕೊಡೋವು" ಅಂತ ಪಕ್ಕಕ್ಕೆ ತಳ್ಳುತ್ತಾರೆ. ನನಗೆ ಮಾವ ಸಿಕ್ಕಿದ್ದು ಅಲ್ಲೇ. ದೊಡ್ಡ ಪದಕ ಅವರು ಎಷ್ಟು ಚೆನ್ನಾಗಿ ಕೆಲಸ ಮಾಡಿದರು ಅಂತ ಹೇಳುತ್ತದೆ, ಈ ಸಣ್ಣವು ಅವರು ಯಾವಾಗ ಎಲ್ಲಿದ್ದರು ಅಂತ ಹೇಳುತ್ತವೆ. ಪಶ್ಚಿಮೀ ಸ್ಟಾರ್ ಇತ್ತು, ಅಂದರೆ 1971ರ ಯುದ್ಧದಲ್ಲಿ ಪಶ್ಚಿಮ ಗಡಿಯಲ್ಲಿ ಇದ್ದರು. ಬಾಂಗ್ಲಾ ಕಡೆ ಇದ್ದವರಿಗೆ ಪೂರ್ವೀ ಸ್ಟಾರ್. ಸ್ವಾತಂತ್ರ್ಯದ 25ನೇ ವರ್ಷದ ಪದಕ 1972ರ ಆಗಸ್ಟ್ 15ಕ್ಕೆ ಸೇವೆಯಲ್ಲಿ ಇದ್ದವರಿಗೆ, 50ನೇ ವರ್ಷದ್ದು 1997ರಲ್ಲಿ ಇದ್ದವರಿಗೆ. ಎರಡೂ ಇದ್ದವು. 9, 20, 30 ವರ್ಷದ ದೀರ್ಘ ಸೇವೆಯ ಮೂರೂ ಇದ್ದವು. ಇಷ್ಟರಲ್ಲೇ ಒಂದು ಸರ್ವಿಸ್ ಪೂರ್ತಿ ಲೆಕ್ಕಕ್ಕೆ ಸಿಕ್ಕಿತಲ್ವಾ? ಸೈನ್ಯ ಸೇವಾ ಪದಕದ ರಿಬ್ಬನ್ ಮೇಲೆ ಒಂದು ಲೋಹದ ಪಟ್ಟಿ ಇತ್ತು, ಉಗುರಲ್ಲಿ ಮೆತ್ತಗೆ ಕೊಳೆ ತೆಗೆದರೆ "ಹಿಮಾಲಯ" ಅಂತ ಕಂಡಿತು. ಅತ್ತೆ ಅದನ್ನು ನೋಡಿ, "ಓ, ದೊಡ್ಡವಳು ಹುಟ್ಟಿದಾಗ ಕಾಗದ ಹೋಗಿ ಮುಟ್ಟೋಕೆ ತಿಂಗಳಾಗಿತ್ತು, ಆಗಿನದ್ದು" ಅಂದರು. ಸಿಯಾಚಿನ್‌ಗೆ ಬೇರೆ ಪದಕ, ಕಾರ್ಗಿಲ್‌ನ ಆಪರೇಷನ್ ವಿಜಯ್‌ಗೆ ಬೇರೆ, ಗಾಯಗೊಂಡವರಿಗೆ ಪರಾಕ್ರಮ ಪದಕ ಅಂತ ಬೇರೆ. ಪದಕದ ಅಂಚನ್ನು ಟಾರ್ಚ್ ಬೆಳಕಲ್ಲಿ ತಿರುಗಿಸಿ ನೋಡಿ, ಸೇವಾ ಪದಕಗಳಲ್ಲಿ ನಂಬರು, ಹೆಸರು ಕೊರೆದಿರುತ್ತದೆ. ಒಂದೇ ಮನೆಯಲ್ಲಿ ಇಬ್ಬರು ಫೌಜಿಗಳಿದ್ದರೆ ಇದೇ ಆಧಾರ.

ಯಾಕೆ ಕೊಟ್ಟರು ಅನ್ನೋದು ಬೇಕಿದ್ದರೆ ಪ್ರಶಸ್ತಿಯ ಒಕ್ಕಣೆ ಹುಡುಕಬೇಕು. ಶೌರ್ಯ ಪ್ರಶಸ್ತಿಗಳಿಗೆ ರಕ್ಷಣಾ ಸಚಿವಾಲಯದ ಗ್ಯಾಲಂಟ್ರಿ ಅವಾರ್ಡ್ಸ್ ಜಾಲತಾಣದಲ್ಲಿ ಹೆಸರು ಹಾಕಿ ನೋಡಿ. ಘೋಷಣೆ ಸಾಮಾನ್ಯವಾಗಿ ಜನವರಿ 26 ಅಥವಾ ಆಗಸ್ಟ್ 15ರ ಆಸುಪಾಸಿನಲ್ಲಿ ಆಗುತ್ತದೆ, ಭಾರತ ಗೆಜೆಟ್‌ನಲ್ಲಿ ಹುಡುಕುವಾಗ ಅಲ್ಲಿಂದ ಶುರು ಮಾಡಿ.

ಇನ್ನು ಉಳಿಸೋ ವಿಚಾರ. ಬಯಲುಸೀಮೆಯವರಿಗೆ ಈ ಕಷ್ಟ ಗೊತ್ತಾಗಲ್ಲ. ಆರಿದ್ರಾ ಮಳೆ ಹಿಡಿದರೆ ನಮ್ಮಲ್ಲಿ ಚಪ್ಪಲಿ, ಬೆಲ್ಟು, ಮದುವೆ ಫೋಟೋ ಎಲ್ಲಕ್ಕೂ ಬೂಷ್ಟು. ರಿಬ್ಬನ್ನಿಗೂ ಅಷ್ಟೇ. ಅಡುಗೆಮನೆ ಅಟ್ಟ ಬೆಚ್ಚಗಿರುತ್ತದೆ ಅಂತ ಅಲ್ಲಿಡಬೇಡಿ, ಹೊಗೆಗೆ ಬೆಳ್ಳಿ ಕಪ್ಪಾಗುತ್ತದೆ. ರಬ್ಬರ್ ಬ್ಯಾಂಡ್ ಹಾಕಲೇಬೇಡಿ. ಮಾವನ ಬೆಳ್ಳಿ ಪದಕದ ಅಡ್ಡಕ್ಕೆ ಒಂದು ಕಪ್ಪು ಗೆರೆ ಇದೆ, ರಬ್ಬರ್ ಕರಗಿ ಹೋಗಿದೆ, ಗೆರೆ ಹೋಗಿಲ್ಲ. ಪೇಪರ್‌ನಲ್ಲೂ ಸುತ್ತಬೇಡಿ.

ನಾನು ಮಾಡಿದ್ದು ಇಷ್ಟು. ಬಿಳಿ ಹತ್ತಿ ಬಟ್ಟೆ ತೊಳೆದು ಒಣಗಿಸಿ, ಅದರಲ್ಲಿ ಒಂದೊಂದು ಪದಕವನ್ನೂ ಸುತ್ತಿದೆ. ಗಾಳಿಯಾಡದ ಸ್ಟೀಲ್ ಡಬ್ಬಿಗೆ ಹಾಕಿ, ಜೊತೆಗೆ ಬಣ್ಣ ಬದಲಾಗುವ ಸಿಲಿಕಾ ಜೆಲ್ ಪೊಟ್ಟಣ ಇಟ್ಟೆ. ನೀಲಿ ಹರಳು ತೇವ ಕುಡಿದು ಗುಲಾಬಿಯಾದರೆ ಬೇರೆ ಪೊಟ್ಟಣ. ಮಳೆಗಾಲದಲ್ಲಿ ಹದಿನೈದು ದಿನಕ್ಕೊಮ್ಮೆ ನೋಡಬೇಕು. ದೀಪಾವಳಿ ಕಳೆದು ಅಡಿಕೆ ಹರಡೋ ಹೊತ್ತಿಗೆ ರಿಬ್ಬನ್ ಹೊರಗೆ ತೆಗೆದು ಜಗುಲಿಯ ನೆರಳಲ್ಲಿ ಅರ್ಧ ದಿನ ಇಡಿ. ಅಂಗಳದ ಬಿಸಿಲಿಗೆ ಬೇಡ, ಬಣ್ಣ ಹಾರಿದರೆ ಗೆರೆ ಎಣಿಸೋಕೆ ಏನೂ ಉಳಿಯಲ್ಲ.

ಡಬ್ಬಿಯೊಳಗೆ ಪೆನ್ಸಿಲಿನಲ್ಲಿ ಬರೆದ ಒಂದು ಚೀಟಿ ಹಾಕಿ: ಪದಕದ ಹೆಸರು, ಬಂದ ವರ್ಷ, ಆಗ ಅವರು ಎಲ್ಲಿದ್ದರು. ಪೆನ್ನಿನ ಶಾಯಿ ನಮ್ಮ ಥಂಡಿಗೆ ಹರಡುತ್ತದೆ. ಹಿಮಾಲಯದ ಸಾಲಿನ ಪಕ್ಕ ಅತ್ತೆ ತಾವೇ ಪೆನ್ಸಿಲ್ ಇಸ್ಕೊಂಡು ಮಗಳ ಹುಟ್ಟಿದ ತಾರೀಕು ಬರೆದರು.