ಮಳೆ ಹಿಡಿಯೋ ಮುಂಚೆ ಹಾರ್ಟ್ ಡಿವೈಸ್: ನನ್ನ ಅನುಭವ

ವಿರಾಜಪೇಟೆ ಕಡೆ ಫಿಸಿಶಿಯನ್ ಆಗಿ 19 ವರ್ಷ ಆಯ್ತು. ಎಲ್‌ಎಎ ಕ್ಲೋಷರ್ (ಹೃದಯದ ಎಡ ಮೇಲ್ಕೋಣೆಗೆ ಅಂಟಿರೋ ಸಣ್ಣ ಚೀಲ, ಅಪೆಂಡೇಜ್, ಅದ್ರಲ್ಲಿ ಕ್ಲಾಟ್ ಕಟ್ಟಿ ಸ್ಟ್ರೋಕ್ ಆಗ್ದಿರ್ಲಿ ಅಂತ ಡಿವೈಸ್ ಹಾಕಿ ಬಾಯಿ ಮುಚ್ಚೋದು) ಮಾಡಿಸ್ಕೊಂಡ ಪೇಶೆಂಟ್‌ನ ಕೊಡಗಲ್ಲೇ ಇಟ್ಕೊಂಡು ನೋಡ್ಕೋತೀನಿ ಅಂದಾಗ ಇಬ್ಬರು ಸೀನಿಯರ್‌ಗಳು ಆಗೋ ಮಾತಲ್ಲ ಅಂದ್ರು, ಜುಲೈಲಿ ನಿಮ್ಮೂರಿಗೆ ರೋಡೇ ಇರಲ್ಲ ಅಂತ. ಈಗ ನನ್ನತ್ರ ನಾಲ್ಕು ಜನ ಇದಾರೆ, ಒಬ್ರಿಗೂ ಸ್ಟ್ರೋಕ್ ಆಗಿಲ್ಲ, ಮೊದಲನೆಯವ್ರಿಗೆ ಇದು ಮೂರನೇ ಮಳೆಗಾಲ.

ಅವರು 78 ವರ್ಷದ ಬೆಳೆಗಾರರು, ಎಎಫ್ (ಹೃದಯದ ಬಡಿತ ತಾಳ ತಪ್ಪೋ ಕಾಯಿಲೆ), ಬಿಪಿ, ಶುಗರ್, ಸ್ಟ್ರೋಕ್ ರಿಸ್ಕ್ ಸ್ಕೋರ್ 4. ರಕ್ತ ಹೆಪ್ಪುಗಟ್ಟದ ಹಾಗೆ ಕೊಡೋ ವಾರ್ಫರಿನ್‌ನಲ್ಲಿ ಐಎನ್‌ಆರ್ (ರಕ್ತ ಹೆಪ್ಪುಗಟ್ಟೋಕೆ ಎಷ್ಟು ಹೊತ್ತು ಬೇಕು ಅನ್ನೋ ಅಳತೆ, ಕಮ್ಮಿಯಾದ್ರೆ ಕ್ಲಾಟ್, ಜಾಸ್ತಿಯಾದ್ರೆ ಬ್ಲೀಡ್) ಯಾವತ್ತೂ ನಿಂತಿದ್ದಿಲ್ಲ. ಕಕ್ಕಡ (ಕೊಡಗಿನ ಜೋರು ಮಳೆ ತಿಂಗಳು) ಬಂತೂಂದ್ರೆ ಮನೇಲಿ ದಿನಾ ಕೆಸು, ಸೊಪ್ಪು, ಐಎನ್‌ಆರ್ 1.3ಕ್ಕೆ ಬರೋದು, ಡೋಸ್ ಏರಿಸಿದ್ರೆ ಮುಂದಿನ ತಿಂಗಳು ಸೊಪ್ಪು ನಿಂತು 5 ದಾಟೋದು. ಒಂದ್ಸಲ ಕರೆಂಟ್ ಇಲ್ದೆ ಲ್ಯಾಬ್ ನಾಲ್ಕು ದಿನ ಬಂದ್, ಆಗ್ಲೇ ಕರುಳಲ್ಲಿ ಬ್ಲೀಡ್ ಆಗಿ ಎಚ್‌ಬಿ (ಹಿಮೋಗ್ಲೋಬಿನ್) 6ಕ್ಕೆ ಇಳೀತು, ಮೂರು ಯೂನಿಟ್ ರಕ್ತ. ಐಎನ್‌ಆರ್ ನೋಡೋದು ಬೇಡದ ಅಪಿಕ್ಸಬಾನ್‌ಗೆ ಬದಲಾಯಿಸಿದೆ, ಆರು ತಿಂಗಳಲ್ಲಿ ಮತ್ತೆ ಬ್ಲೀಡ್. ಆಗ ಡಿವೈಸ್ ಬಿಟ್ರೆ ಬೇರೆ ದಾರಿ ಕಾಣ್ಲಿಲ್ಲ.

ಇವ್ರಿಗಿಂತ ಮುಂಚೆ ಡಿವೈಸ್‌ಗಂತ ಕಳ್ಸಿದ ಮೂವರೂ ವಾಪಸ್ ಬಂದಿದ್ರು. ಒಬ್ಬ ಹೆಂಗಸಿಗೆ ರುಮ್ಯಾಟಿಕ್ ಮೈಟ್ರಲ್ ಸ್ಟೆನೋಸಿಸ್ (ಹೃದಯದ ಎಡಗಡೆ ಎರಡು ಕೋಣೆ ಮಧ್ಯದ ಮೈಟ್ರಲ್ ವಾಲ್ವ್ ಕಿರಿದಾಗಿರೋದು), ನನ್ನ ಎಕೋ (ಹೃದಯದ ಸ್ಕ್ಯಾನ್) ಅವಸರದ್ದು, ಅದು ಮಿಸ್ ಆಗಿತ್ತು, ಅವ್ರಿಗೆ ಡಿವೈಸ್ ಸಲ್ಲೋದೇ ಇಲ್ಲ, ಇವತ್ತಿಗೂ ವಾರ್ಫರಿನ್ನೇ. ಇನ್ನೊಬ್ರಿಗೆ ಟಿಇಇ (ಅನ್ನನಾಳದೊಳಗಿಂದ ಮಾಡೋ ಎಕೋ) ಮಾಡ್ದಾಗ ಅಪೆಂಡೇಜ್‌ನಲ್ಲಿ ಆಗ್ಲೇ ಕ್ಲಾಟ್ ಕೂತಿತ್ತು, ಹಾಗಾಗಿ ಡಿವೈಸ್ ಹಾಕ್ಲಿಲ್ಲ. ಮೂರನೆಯವ್ರು ಬಿಲ್ ಅಂದಾಜು ಕೇಳಿ ಅಲ್ಲಿಂದಲೇ ಬಸ್ ಹತ್ತಿದ್ರು. ಆಮೇಲೆ ಮೈಟ್ರಲ್ ವಾಲ್ವ್‌ನ ನಾನೇ ಎರಡು ಸಲ ನೋಡ್ದೆ ಯಾರನ್ನೂ ಕಳ್ಸಲ್ಲ.

ದುಡ್ಡಿನ ವಿಷ್ಯಕ್ಕೆ ಬರ್ತೀನಿ. ಡಿವೈಸ್ ಒಂದೇ ಆರೇಳು ಲಕ್ಷ, ಒಟ್ಟು ಹತ್ತರ ಹತ್ರ ಆಯ್ತು. ಇನ್ಶೂರೆನ್ಸ್‌ನವ್ರು ಮೊದ್ಲು ರಿಜೆಕ್ಟ್ ಮಾಡಿದ್ರು. ನಾನು ಬ್ಲೀಡ್ ಆದ ತಾರೀಕು, ಎಚ್‌ಬಿ, ಕೊಟ್ಟ ರಕ್ತ ಎಲ್ಲಾ ಜೋಡ್ಸಿ ಒಂದು ಲೆಟರ್ ಬರೆದೆ, ನಾಲ್ಕು ಲಕ್ಷ ಪಾಸಾಯ್ತು. ಆ ಲೆಟರ್‌ನಲ್ಲಿ ಯಾವ ಸಾಲು ಮೊದ್ಲು ಬರ್ಬೇಕು ಅನ್ನೋದು ಸದ್ಯಕ್ಕೆ ನನ್ನತ್ರಾನೇ ಇರ್ಲಿ. ಉಳಿದಿದ್ದು ಮೆಣಸು ಮಾರಿದ ದುಡ್ಡು.

ನನ್ನ ಮೆಥಡ್ ಅಂದ್ರೆ ಮುಖ್ಯವಾಗಿ ಟೈಮಿಂಗು. ಅರೇಬಿಕಾ ಕೊಯ್ಲು ಮುಗ್ದು ಕೈಯಲ್ಲಿ ಕಾಸಿರೋ ಜನವರಿ ಕೊನೆಗೆ ಡಿವೈಸ್, ಡಿವೈಸ್ ಸರಿ ಕೂತಿದೆಯಾ ಅಂತ ನೋಡೋ 45 ದಿನದ ಟಿಇಇ ಮಾರ್ಚ್‌ಗೆ ಬೀಳುತ್ತೆ, ಏನಾದ್ರೂ ಎಡವಟ್ಟಾದ್ರೆ ಸರಿ ಮಾಡೋಕೆ ಏಪ್ರಿಲ್, ಮೇ ಎರಡು ತಿಂಗಳು ರೋಡ್ ಚೆನ್ನಾಗಿರುತ್ತೆ, ಮಳೆ ಪೂರ್ತಿ ಹಿಡಿಯೋ ಹೊತ್ತಿಗೆ ಪೇಶೆಂಟ್ ಎರಡು ಮಾತ್ರೆ ಮೇಲೆ ಮನೇಲಿ ಕೂತಿರ್ತಾರೆ, ಐಎನ್‌ಆರ್ ತಲೆನೋವಿಲ್ಲ. 2018ರ ಆಗಸ್ಟಲ್ಲಿ ಗುಡ್ಡ ಕುಸಿದಾಗ ಸ್ಯಾಂಪಲ್ ಕಳ್ಸೋಕಾಗ್ದೆ ಪಟ್ಟ ಪಾಡು ನೆನೆಸ್ಕೊಂಡ್ರೆ ಇದೆಷ್ಟು ದೊಡ್ಡದು ಅಂತ ಇಲ್ಲಿ ಕೆಲಸ ಮಾಡೋರಿಗೆ ಗೊತ್ತು. ಬೆಳೆಗಾರರಿಗೆ 27 ಎಂಎಂ ಡಿವೈಸ್ ಕೂತ್ಕೊಳ್ತು, ತೊಡೆ ಸಂದಿಂದ ಹೋಗಿ ಮುಕ್ಕಾಲು ಗಂಟೆ, ಮಾರನೇ ದಿನ ಡಿಸ್ಚಾರ್ಜ್. ಬ್ಲೀಡಿಂಗ್ ಹಿಸ್ಟರಿ ನೋಡಿ ಆಸ್ಪಿರಿನ್, ಕ್ಲೋಪಿಡೋಗ್ರೆಲ್ ಸಾಕು ಅಂತ ಡಿವೈಸ್ ಹಾಕಿದವ್ರೇ ಒಪ್ಪಿದ್ರು, ಆರು ತಿಂಗಳಾದ್ಮೇಲೆ ಆಸ್ಪಿರಿನ್ ಒಂದೇ.

ಡಿವೈಸ್ ಹಾಕಿಸ್ಕೊಂಡ ಎರಡನೆಯವ್ರ ವಿಷ್ಯದಲ್ಲಿ ನನ್ನ ಎದೆ ಧಸಕ್ ಅಂದಿತ್ತು. 45ನೇ ದಿನದ ಟಿಇಇಲಿ ಡಿವೈಸ್ ಮೇಲೇನೇ ಸಣ್ಣ ಕ್ಲಾಟ್. ಮಾತ್ರೆ ಮಧ್ಯದಲ್ಲಿ ಹತ್ತು ದಿನ ಬಿಟ್ಟಿದ್ರಂತೆ. ಅಪಿಕ್ಸಬಾನ್ ಶುರು ಮಾಡಿ ಮೂರು ತಿಂಗಳು ಕಾದ್ವಿ, ಕರಗ್ತು. ಅಲ್ಲಿಂದ ಪ್ರತಿ ಭಾನುವಾರ ಖಾಲಿ ಸ್ಟ್ರಿಪ್ ಫೋಟೋ ವಾಟ್ಸಾಪ್‌ಗೆ ಕಳ್ಸ್‌ಲೇಬೇಕು ಅಂತ ರೂಲ್ ಮಾಡಿದೀನಿ, ಬರ್ಲಿಲ್ಲ ಅಂದ್ರೆ ಸೋಮವಾರ ಬೆಳಿಗ್ಗೆ ನಾನೇ ಫೋನ್ ಮಾಡ್ತೀನಿ.

ಮಧ್ಯೆ ಎಎಫ್ ಇರೋರನ್ನ ಹುಡುಕೋಕೆ ಇನ್ನೊಂದು ಟ್ರೈ ಮಾಡಿದೆ. ಕೊಡವ ಕುಟುಂಬಗಳ ಹಾಕಿ ಹಬ್ಬಕ್ಕೆ ಬಂದಿದ್ದ ಹಿರಿಯರದ್ದು ಗ್ಯಾಲರಿಲೇ ಕೂತು ಪಲ್ಸ್ ಹಿಡಿದೆ, ಸುಮಾರು 140 ಜನ, ನಾಲ್ವರದ್ದು ಇರೆಗ್ಯುಲರ್. ಇಸಿಜಿ ತೆಗೆದ್ರೆ ಇಬ್ರಿಗೆ ಎಎಫ್, ಇನ್ನಿಬ್ರದ್ದು ಬರೀ ಎಕ್ಟೋಪಿಕ್ (ನಡುವೆ ಬರೋ ಒಂದೊಂದು ಹೆಚ್ಚುವರಿ ಬಡಿತ). ಬೆರಳಿಗೆ ಖರ್ಚೇನೂ ಇಲ್ಲ. ಆ ಇಬ್ರಲ್ಲಿ ಒಬ್ರು ಅಪಿಕ್ಸಬಾನ್‌ನಲ್ಲೇ ಆರಾಮಾಗಿದಾರೆ, ಅವ್ರಿಗೆ ಡಿವೈಸ್ ಮಾತೇ ಎತ್ತಿಲ್ಲ, ಮಾತ್ರೆ ಒಗ್ಗಿದವ್ರಿಗೆ ಯಾಕೆ ಬೇಕು. ಇನ್ನೊಬ್ರು ನಾಪೋಕ್ಲು ಕಡೆಯವ್ರು, ಎರಡು ಸಲ ಬ್ಲೀಡ್ ಆಗಿದೆ, ಮೈಟ್ರಲ್ ವಾಲ್ವ್ ಕ್ಲೀನ್, ಲೆಟರ್ ಹೋಗಿದೆ, ಟಿಇಇ ಜನವರಿ ಎರಡನೇ ವಾರಕ್ಕೆ ಸಿಕ್ಕಿದೆ.