ಮಿಗ್ ವೆಲ್ಡಿಂಗ್: ಫೀಡ್ ರೋಲರ್ ಬಿಗಿತವನ್ನು ಮರದ ತುಂಡಿನಿಂದ ಪರೀಕ್ಷಿಸಿ

ತಂತಿಯೇ ಕರಗಿ ಲೋಹವನ್ನು ಬೆಸೆಯುವ ಮಿಗ್ ವೆಲ್ಡಿಂಗಿನಲ್ಲಿ, ಆ ತಂತಿಯನ್ನು ಗನ್ನಿಗೆ ತಳ್ಳುವ ಫೀಡ್ ರೋಲರಿನ ಬಿಗಿತವನ್ನು ಅಂದಾಜಿಗೆ ಬಿಡದೆ, ಗ್ಲೌಸ್ ಮತ್ತು ಕನ್ನಡಕ ಹಾಕಿಕೊಂಡು ಗನ್ನನ್ನು ಒಣ ಮರದ ತುಂಡಿನಿಂದ ಸುಮಾರು 50 ಮಿ.ಮೀ. ದೂರದಲ್ಲಿ ಓರೆಯಾಗಿ ಹಿಡಿದು ಟ್ರಿಗರ್ ಒತ್ತಿ. ತಂತಿಯು ಮರಕ್ಕೆ ತಾಗಿ ಬಾಗುತ್ತಲೇ ನಿಲ್ಲದೆ ಬರಬೇಕು, ಗನ್ನನ್ನು ತೀರಾ ಹತ್ತಿರ ತಂದಾಗ ರೋಲರ್ ಜಾರಬೇಕು. ಟ್ರಿಗರ್ ಒತ್ತಿರುವಾಗ ತಂತಿಯಲ್ಲಿ ವಿದ್ಯುತ್ ಇರುವುದರಿಂದ ಅದು ಬೆಸೆಯುವ ಲೋಹಕ್ಕಾಗಲಿ ಅರ್ಥ್ ಕ್ಲ್ಯಾಂಪಿಗಾಗಲಿ ತಾಗದಂತೆ ದಯವಿಟ್ಟು ನೋಡಿಕೊಳ್ಳಿ. ಬಿಗಿತ ಕಡಿಮೆಯಾದರೆ ತಂತಿ ತಡೆತಡೆದು ಬಂದು ಗನ್ನಿನ ತುದಿಯಲ್ಲಿರುವ ಕಾಂಟ್ಯಾಕ್ಟ್ ಟಿಪ್ಪಿಗೆ ಕರಗಿ ಅಂಟುತ್ತದೆ. ಹೆಚ್ಚಾದರೆ ರೋಲರ್ ತಂತಿಯನ್ನು ಚಪ್ಪಟೆಯಾಗಿಸಿ ತಾಮ್ರದ ಲೇಪವನ್ನು ಕೆರೆಯುತ್ತದೆ, ಆ ಪುಡಿ ಲೈನರಿನೊಳಗೆ (ತಂತಿ ಗನ್ನಿನವರೆಗೆ ಸಾಗುವ ಕೊಳವೆಯೊಳಗೆ) ತುಂಬುತ್ತದೆ, ಟಿಪ್ ಕಟ್ಟಿಕೊಂಡರಂತೂ ತಂತಿಯೆಲ್ಲ ರೋಲರಿನ ಬಳಿ ಸಿಕ್ಕುಸಿಕ್ಕಾಗಿ ಗೋಜಲಾಗುತ್ತದೆ. ರೋಲರಿನ ಬಾಗಿಲ ಕೆಳಗೆ ಹೊಳೆಯುವ ತಾಮ್ರದ ಪುಡಿ ಉದುರಿದ್ದರೆ ಬಿಗಿತ ಹೆಚ್ಚಾಗಿರುವ ಸಂಭವವೇ ಹೆಚ್ಚು. ಆದರೆ 0.8 ಮಿ.ಮೀ. ತಂತಿಯನ್ನು ರೋಲರಿನ 1.0 ಮಿ.ಮೀ. ತೋಡಿನಲ್ಲಿ ಕೂರಿಸಿದ್ದರೆ, ತಂತಿ ಸುತ್ತಿರುವ ಸ್ಪೂಲಿನ ಬ್ರೇಕ್ ಬಿಗಿಯಾಗಿದ್ದರೆ ಅಥವಾ ಲೈನರ್ ಸವೆದಿದ್ದರೆ ಈ ಪರೀಕ್ಷೆಯಿಂದ ಪ್ರಯೋಜನವಿಲ್ಲ. ಮೊದಲು ಅವುಗಳನ್ನು ಸರಿಪಡಿಸಿ. ಅಲ್ಯೂಮಿನಿಯಂ ತಂತಿ ಮೆದುವಾದ್ದರಿಂದ ಅದಕ್ಕೆ ಯು ಆಕಾರದ ತೋಡಿನ ರೋಲರ್ ಮತ್ತು ಇನ್ನೂ ಹಗುರವಾದ ಬಿಗಿತ ಬೇಕು.