ವಿದೇಶದ ಕೆಲಸಕ್ಕೆ ಹಣ ಕಟ್ಟುವ ಮುನ್ನ ಆ ದೇಶದ ವಲಸೆ ನೀತಿಯನ್ನು ಓದಿಕೊಳ್ಳುವ ಬಗೆ

ಕೋಲಾರ, ಬಂಗಾರಪೇಟೆ, ಮುಳಬಾಗಿಲು ಭಾಗದಲ್ಲಿ ನರ್ಸಿಂಗ್ ಮುಗಿಸಿದವರಾಗಲಿ, ಐಟಿಐ ಮಾಡಿ ನರಸಾಪುರ ಅಥವಾ ವೇಮಗಲ್‌ನ ಕಾರ್ಖಾನೆಗಳಲ್ಲಿ ದುಡಿಯುತ್ತಿರುವವರಾಗಲಿ, ವಿದೇಶದ ಕೆಲಸದ ಬಗ್ಗೆ ವಿಚಾರಿಸುವಾಗ ಮೊದಲು ಕೇಳುವುದು ಎಷ್ಟು ಖರ್ಚಾಗುತ್ತದೆ ಎಂದು. ಅದಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ಬೇರೆಯಿದೆ: ಆ ದೇಶ ನಮ್ಮಂಥವರನ್ನು ಈಗ ಏಕೆ ಕರೆಯುತ್ತಿದೆ? ಯಾವ ಸರ್ಕಾರವೂ ಹೊರಗಿನವರಿಗೆ ಉಪಕಾರ ಮಾಡಲೆಂದು ಕೆಲಸದ ವೀಸಾ ಕೊಡುವುದಿಲ್ಲ. ತನ್ನ ಆಸ್ಪತ್ರೆ, ಕಾರ್ಖಾನೆ, ಹೊಲಗಳಿಗೆ ಸಾಕಷ್ಟು ಜನ ಸಿಗದಿದ್ದಾಗ ಕೊಡುತ್ತದೆ. ಕೊರತೆ ತೀರಿದಾಗ, ಅಥವಾ ಅಲ್ಲಿನ ರಾಜಕೀಯ ತಿರುಗಿದಾಗ, ನಿಲ್ಲಿಸುತ್ತದೆ. ಕೋಲಾರದವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಜಾನ್ ಟೇಲರ್ ಕಂಪನಿಯ ಕಾಲದಲ್ಲಿ ಕೆಜಿಎಫ್‌ನ ಗಣಿಗಳಿಗೆ ಆರ್ಕಾಟ್ ಸೀಮೆಯಿಂದ ಜನರನ್ನು ಕರೆತಂದದ್ದೂ ಕೈಗಳ ಕೊರತೆಯಿಂದಲೇ, 2001ರಲ್ಲಿ ಗಣಿ ಮುಚ್ಚಿದ ಮೇಲೆ ಅವರ ಮೊಮ್ಮಕ್ಕಳು ದಿನವೂ ಬೆಂಗಳೂರಿನ ರೈಲು ಹತ್ತಬೇಕಾಗಿ ಬಂದದ್ದೂ ಆ ಕೆಲಸ ಇಲ್ಲವಾದದ್ದರಿಂದಲೇ.

ಆದ್ದರಿಂದ ಮೊದಲ ಕೆಲಸವೆಂದರೆ ಆಯಾ ದೇಶದ ಸರ್ಕಾರಿ ಜಾಲತಾಣದಲ್ಲಿರುವ ವೀಸಾ ನಿಯಮವನ್ನು ಸ್ವತಃ ಓದುವುದು, ಅದರಲ್ಲೂ ಅದನ್ನು ಕೊನೆಯ ಬಾರಿ ಪರಿಷ್ಕರಿಸಿದ ದಿನಾಂಕವನ್ನು ನೋಡುವುದು. ಈ ದಿನಾಂಕಕ್ಕೆ ಎಷ್ಟು ಬೆಲೆಯಿದೆಯೆಂಬುದು ಬ್ರಿಟನ್‌ನ ಉದಾಹರಣೆಯಿಂದ ಗೊತ್ತಾಗುತ್ತದೆ. ವೃದ್ಧರ ಆರೈಕೆಗೆ ಜನ ಸಾಲದೆ ಆ ದೇಶ 2022ರ ಫೆಬ್ರುವರಿಯಲ್ಲಿ ಆರೈಕೆ ಕೆಲಸಗಾರರಿಗೆ ವೀಸಾ ತೆರೆಯಿತು; 2024ರ ಮಾರ್ಚ್‌ನಲ್ಲಿ ಅವರು ಹೆಂಡತಿ, ಗಂಡ, ಮಕ್ಕಳನ್ನು ಕರೆದೊಯ್ಯುವುದನ್ನು ನಿಲ್ಲಿಸಿತು; 2025ರ ಜುಲೈ 22ರಿಂದ ಹೊರದೇಶಗಳಿಂದ ಹೊಸದಾಗಿ ಆ ಕೆಲಸಕ್ಕೆ ನೇಮಿಸಿಕೊಳ್ಳುವುದನ್ನೇ ಮುಚ್ಚಿತು. ಈ ನಡುವೆ ಅಲ್ಲಿನ ನೂರಾರು ಸಂಸ್ಥೆಗಳ ಪ್ರಾಯೋಜಕ ಪರವಾನಗಿಯೂ, ಅಂದರೆ ಹೊರದೇಶದವರನ್ನು ನೇಮಿಸಿಕೊಳ್ಳಲು ಸರ್ಕಾರ ಕೊಡುವ ಅನುಮತಿಯೂ, ರದ್ದಾಯಿತು. ನಮ್ಮಲ್ಲಿ ಇಂದಿಗೂ ಯಾರಾದರೂ ಬ್ರಿಟನ್‌ನ ಆರೈಕೆ ಕೆಲಸಕ್ಕೆಂದು ಮುಂಗಡ ಕೇಳಿದರೆ ಈ ಮೂರು ದಿನಾಂಕಗಳನ್ನು ಅವರ ಮುಂದಿಟ್ಟು ಉತ್ತರ ಕೇಳಿ.

ನಿಯಮವನ್ನು ಓದುವಾಗ ನಾಲ್ಕು ಸಂಗತಿಗಳನ್ನು ಹುಡುಕಿ ಒಂದು ಹಾಳೆಯಲ್ಲಿ ಬರೆದುಕೊಳ್ಳಿ: ನಿಮ್ಮ ಕಸುಬಿನ ಹೆಸರು ಅದರಲ್ಲಿದೆಯೇ, ಭಾಷೆಯ ಯಾವ ಮಟ್ಟ ಬೇಕು, ಎಷ್ಟು ವರ್ಷ ಇರಬಹುದು, ಕುಟುಂಬವನ್ನು ಕರೆದೊಯ್ಯಬಹುದೇ.

ಜಪಾನನ್ನು ತೆಗೆದುಕೊಳ್ಳೋಣ. ಅಲ್ಲಿ ವಯಸ್ಸಾದವರ ಸಂಖ್ಯೆ ಏರಿ ದುಡಿಯುವವರ ಸಂಖ್ಯೆ ಇಳಿಯುತ್ತಿರುವುದರಿಂದ 2019ರ ಏಪ್ರಿಲ್‌ನಲ್ಲಿ 'ನಿರ್ದಿಷ್ಟ ಕೌಶಲ' ಎಂಬ ವೀಸಾವನ್ನು ತಂದರು. ಆರೈಕೆ, ಕಟ್ಟಡ ನಿರ್ಮಾಣ, ಕೃಷಿ, ಆಹಾರ ಸೇವೆ, ವಾಹನ ದುರಸ್ತಿ ಮುಂತಾದ ಕ್ಷೇತ್ರಗಳು ಇದರಲ್ಲಿವೆ. 2024ರಿಂದ ಐದು ವರ್ಷಗಳಿಗೆ 8,20,000 ಜನರ ಮಿತಿಯನ್ನು ಅಲ್ಲಿನ ಸರ್ಕಾರ 2024ರ ಮಾರ್ಚ್‌ನಲ್ಲಿ ಗೊತ್ತುಮಾಡಿತ್ತು. ಪದವಿ ಬೇಕಿಲ್ಲ, ಆದರೆ ಕೌಶಲ ಪರೀಕ್ಷೆಯಲ್ಲೂ ಎನ್4 ಮಟ್ಟದ (ದಿನಬಳಕೆಯ ಸರಳ ಮಾತು ತಿಳಿಯುವಷ್ಟರ) ಜಪಾನಿ ಭಾಷಾ ಪರೀಕ್ಷೆಯಲ್ಲೂ ತೇರ್ಗಡೆಯಾಗಬೇಕು. ಮೊದಲ ಹಂತದಲ್ಲಿ ಒಟ್ಟು ಐದು ವರ್ಷ ಇರಬಹುದು, ಕುಟುಂಬವನ್ನು ಕರೆದೊಯ್ಯುವಂತಿಲ್ಲ. ಮದುವೆಯಾಗಿ ಚಿಕ್ಕ ಮಕ್ಕಳಿರುವವರು ಸಂಬಳದ ಅಂಕಿಗಿಂತ ಮೊದಲು ಈ ಕೊನೆಯ ಮಾತನ್ನು ಮನೆಯವರೊಂದಿಗೆ ಕೂತು ಚರ್ಚಿಸಬೇಕು.

ಜರ್ಮನಿಯ ದಾರಿ ಇನ್ನೊಂದು ಬಗೆಯದು, ನನ್ನ ಅಭಿಪ್ರಾಯದಲ್ಲಿ ನಮ್ಮ ಐಟಿಐ ಹುಡುಗರು ಗಮನವಿಟ್ಟು ನೋಡಬೇಕಾದದ್ದು. 2020ರಲ್ಲಿ ಜಾರಿಗೆ ಬಂದ ಅಲ್ಲಿನ ಕುಶಲ ಕೆಲಸಗಾರರ ವಲಸೆ ಕಾಯ್ದೆಯನ್ನು 2023ರಲ್ಲಿ ಸಡಿಲಿಸಿದರು. ಭಾರತದ ಕುಶಲ ಕೆಲಸಗಾರರಿಗೆ ವರ್ಷಕ್ಕೆ ಕೊಡುವ ವೀಸಾಗಳನ್ನು 20,000ದಿಂದ 90,000ಕ್ಕೆ ಏರಿಸುವುದಾಗಿ 2024ರ ಅಕ್ಟೋಬರ್‌ನಲ್ಲಿ ಪ್ರಕಟಿಸಿದರು. ತಮ್ಮ ದೇಶದ ಸರ್ಕಾರ ಮಾನ್ಯ ಮಾಡಿರುವ ಎರಡು ವರ್ಷದ ವೃತ್ತಿ ತರಬೇತಿ, ಕಳೆದ ಐದು ವರ್ಷಗಳಲ್ಲಿ ಎರಡು ವರ್ಷವಾದರೂ ಅದೇ ಕಸುಬಿನ ಅನುಭವ, ನಿಗದಿಪಡಿಸಿದ ಮಟ್ಟದ ಸಂಬಳದ ಕೆಲಸ, ಈ ಮೂರೂ ಇದ್ದವರಿಗೆ ಹಲವು ಕಸುಬುಗಳಲ್ಲಿ ತಮ್ಮ ತರಬೇತಿಗೆ ಜರ್ಮನ್ ಮಾನ್ಯತೆ ಪಡೆಯುವ ದೀರ್ಘ ಪ್ರಕ್ರಿಯೆ ಇಲ್ಲದೆಯೇ ಹೋಗಲು ಈಗ ಅವಕಾಶವಿದೆ. ಆದ್ದರಿಂದ ಈಗಿರುವ ಕಾರ್ಖಾನೆಯನ್ನು ಬಿಡುವಾಗ ಅನುಭವ ಪತ್ರವನ್ನು ಕೇಳಿ ಪಡೆಯಿರಿ. ಸಂಬಳದ ಚೀಟಿ, ಪಿಎಫ್ ದಾಖಲೆಗಳನ್ನು ಜೋಪಾನವಾಗಿಡಿ. ಗುತ್ತಿಗೆದಾರರ ಮೂಲಕ ದುಡಿಯುವವರಿಗೆ ಮಾಡಿದ ಕೆಲಸಕ್ಕೆ ಕಾಗದವೇ ಇಲ್ಲದಿರುವುದು ಹೆಚ್ಚು, ಅಂಥವರು ಇಂದಿನಿಂದಲೇ ಎಚ್ಚರವಹಿಸಬೇಕು.

ನರ್ಸ್‌ಗಳಿಗೆ ಈ ರಿಯಾಯಿತಿ ಇಲ್ಲ. ಆಸ್ಪತ್ರೆಯ ಕೆಲಸಕ್ಕೆ ಅಲ್ಲಿ ವೃತ್ತಿ ಮಾನ್ಯತೆ ಕಡ್ಡಾಯ, ಅದಕ್ಕೆ ಸಾಮಾನ್ಯವಾಗಿ ಬಿ2 ಮಟ್ಟದ, ಅಂದರೆ ಸರಾಗವಾಗಿ ಮಾತಾಡಿ ಬರೆಯಬಲ್ಲಷ್ಟು, ಜರ್ಮನ್ ಬೇಕು. ಪಠ್ಯಕ್ರಮದಲ್ಲಿ ಕೊರತೆ ಕಂಡರೆ ಹೆಚ್ಚುವರಿ ತರಬೇತಿ ಅಥವಾ ಪರೀಕ್ಷೆ ಇರುತ್ತದೆ. ಭಾಷೆಯನ್ನು ಎರಡು ತಿಂಗಳಲ್ಲಿ ಕಲಿಸಿಬಿಡುತ್ತೇವೆ ಎನ್ನುವವರನ್ನು ನಂಬಬೇಡಿ. ಬೆಂಗಳೂರಿನ ಮ್ಯಾಕ್ಸ್ ಮುಲ್ಲರ್ ಭವನ ನಡೆಸುವ ಪರೀಕ್ಷೆಯ ಮಾದರಿ ಪ್ರಶ್ನೆಪತ್ರಿಕೆಯನ್ನು ನೋಡಿದರೆ ಎಷ್ಟು ಶ್ರಮ ಬೇಕೆಂಬುದು ತಾನಾಗಿ ತಿಳಿಯುತ್ತದೆ.

ಕೊಲ್ಲಿ ದೇಶಗಳಿಗೆ ಹೋಗುವವರು ನಮ್ಮದೇ ದೇಶದ ನಿಯಮವನ್ನೂ ಓದಬೇಕು. ಹತ್ತನೇ ತರಗತಿ ಪಾಸಾಗದವರ ಪಾಸ್‌ಪೋರ್ಟಿನಲ್ಲಿ ಸಾಮಾನ್ಯವಾಗಿ ಇಸಿಆರ್ (ವಲಸೆ ತಪಾಸಣೆ ಅಗತ್ಯ) ಎಂದಿರುತ್ತದೆ. ಅಂಥವರು ಸೌದಿ ಅರೇಬಿಯಾ, ಕುವೈತ್, ಕತಾರ್, ಒಮಾನ್, ಮಲೇಷ್ಯಾ ಸೇರಿದಂತೆ 18 ದೇಶಗಳಿಗೆ ಕೆಲಸಕ್ಕೆ ಹೋಗಲು 1983ರ ವಲಸೆ ಕಾಯ್ದೆಯಡಿ ಮುಂಚಿತ ಅನುಮತಿ ಪಡೆಯಬೇಕು. ಇದರ ಅರ್ಜಿ ವಿದೇಶಾಂಗ ಸಚಿವಾಲಯದ ಇ-ಮೈಗ್ರೇಟ್ ಜಾಲತಾಣದ ಮೂಲಕ ನಡೆಯುತ್ತದೆ. ಜೊತೆಗೆ ಪ್ರವಾಸಿ ಭಾರತೀಯ ಬೀಮಾ ಯೋಜನೆಯ ವಿಮೆ ಕಡ್ಡಾಯ: ಎರಡು ವರ್ಷಕ್ಕೆ 275 ರೂಪಾಯಿ, ಮೂರು ವರ್ಷಕ್ಕೆ 375 ರೂಪಾಯಿ, ಅಪಘಾತದಲ್ಲಿ ಸಾವು ಅಥವಾ ಶಾಶ್ವತ ಅಂಗವೈಕಲ್ಯವಾದರೆ 10 ಲಕ್ಷ ರೂಪಾಯಿ ಪರಿಹಾರ. ಈ ಅನುಮತಿಯ ತೊಂದರೆಯೇಕೆ, ವಿಸಿಟ್ ವೀಸಾದಲ್ಲಿ ಕಳಿಸಿ ಅಲ್ಲಿ ಬದಲಿಸಿಕೊಡುತ್ತೇವೆ ಎಂದು ಯಾರಾದರೂ ಹೇಳಿದರೆ ಮಾತನ್ನು ಅಲ್ಲಿಗೇ ಮುಗಿಸಿ. ಹಾಗೆ ಹೋದವರಿಗೆ ಸಂಬಳ ಸಿಗದಿದ್ದಾಗ ಕೇಳಲು ನೋಂದಾಯಿತ ಕರಾರು ಇರುವುದಿಲ್ಲ, ವಿಮೆಯೂ ಇರುವುದಿಲ್ಲ.

ಏಜೆಂಟರನ್ನು ಪರೀಕ್ಷಿಸುವುದು ಕಷ್ಟವಲ್ಲ. ವಿದೇಶಾಂಗ ಸಚಿವಾಲಯ ಪರವಾನಗಿ ಕೊಟ್ಟವರ ಪಟ್ಟಿ ಇ-ಮೈಗ್ರೇಟ್‌ನಲ್ಲಿದೆ, ಅವಧಿ ಮುಗಿದ ಮತ್ತು ಅಮಾನತಾದ ಪರವಾನಗಿಗಳ ವಿವರವೂ ಅಲ್ಲೇ ಸಿಗುತ್ತದೆ. ಅವರು ನಿಮ್ಮಿಂದ ಪಡೆಯಬಹುದಾದ ಸೇವಾ ಶುಲ್ಕ ಹೆಚ್ಚೆಂದರೆ 30,000 ರೂಪಾಯಿ ಮತ್ತು ಅದರ ಮೇಲಿನ ಜಿಎಸ್‌ಟಿ. ಊರಿನಲ್ಲಿ ಪರಿಚಯದವರು, ನೆಂಟರ ಕಡೆಯವರು "ದೊಡ್ಡ ಏಜೆಂಟರ ಪರವಾಗಿ" ಹಣ ಸಂಗ್ರಹಿಸುವುದುಂಟು. ಕಾನೂನಿನಲ್ಲಿ ಉಪ ಏಜೆಂಟರಿಗೆ ಸ್ಥಾನವಿಲ್ಲ, ಆದ್ದರಿಂದ ಸಂಕೋಚ ಬಿಟ್ಟು ಪರವಾನಗಿ ಸಂಖ್ಯೆ ಕೇಳಿ, ಹಣವನ್ನು ಬ್ಯಾಂಕ್ ಮೂಲಕವೇ ಕೊಟ್ಟು ರಸೀದಿ ಪಡೆಯಿರಿ. ಜಮೀನು ಅಡವಿಟ್ಟು ನಗದಾಗಿ ಕೊಟ್ಟ ಹಣ ಮರಳಿ ಬರುವುದು ಬಹಳ ಕಷ್ಟ. ಕರ್ನಾಟಕ ಕೌಶಲ್ಯ ಅಭಿವೃದ್ಧಿ ನಿಗಮದ ಅಂತಾರಾಷ್ಟ್ರೀಯ ವಲಸೆ ಕೇಂದ್ರವೂ ವಿದೇಶಿ ನೇಮಕಾತಿ ನಡೆಸುತ್ತದೆ. ಖಾಸಗಿಯವರ ಬಳಿಗೆ ಹೋಗುವ ಮುನ್ನ ಅಲ್ಲಿ ನಿಮ್ಮ ಕಸುಬಿಗೆ ಅವಕಾಶವಿದೆಯೇ ವಿಚಾರಿಸಿ.

ಕರಾರು ಪತ್ರದಲ್ಲಿ ಮೂಲ ಸಂಬಳ, ದಿನದ ಗಂಟೆಗಳು, ಓಟಿ, ವಸತಿ, ಮರಳುವ ಟಿಕೆಟ್ ಯಾರದ್ದು ಎಂಬುದು ಬರವಣಿಗೆಯಲ್ಲಿರಬೇಕು. ವೀಸಾದಲ್ಲಿರುವ ಹುದ್ದೆಯೂ ಕರಾರಿನಲ್ಲಿರುವ ಹುದ್ದೆಯೂ ಒಂದೇ ಆಗಿರಬೇಕು.

ಹೊರಡುವ ಮೊದಲು ಪಾಸ್‌ಪೋರ್ಟ್, ವೀಸಾ, ಕರಾರು, ವಿಮಾ ಪತ್ರ, ಏಜೆಂಟರ ರಸೀದಿಗಳ ಪ್ರತಿಗಳನ್ನು ಮನೆಯಲ್ಲಿ ಒಬ್ಬರ ಕೈಗೆ ಕೊಟ್ಟು, ವಿದೇಶಾಂಗ ಸಚಿವಾಲಯದ ಮದದ್ ಜಾಲತಾಣದಲ್ಲಿ ದೂರು ದಾಖಲಿಸುವುದು ಹೇಗೆಂದು ಅವರಿಗೆ ತೋರಿಸಿಕೊಡಿ. ನೀವು ಫೋನ್ ಮಾಡಲಾಗದ ಸ್ಥಿತಿಯಲ್ಲಿದ್ದರೂ ಅವರು ಇಲ್ಲಿಂದಲೇ ದೂರು ಕೊಡಬಹುದು.